ಅಗೆಯುವ ಮೊದಲೇ ಅನಿಲ

2006ರ ಸೆಪ್ಟೆಂಬರ್ 6ರಂದು ಜಾರ್ಖಂಡ್‌ನ ಧನ್‌ಬಾದ್ ಸಮೀಪದ ಭಾಟ್‌ಡಿಹ್ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಯಿತು. ಒಳಗಿದ್ದ 50 ಕಾರ್ಮಿಕರು ಸತ್ತರು. ಅದೇ ದಾಮೋದರ ಕಣಿವೆಯ ಧೋರಿ ಗಣಿ 1965ರಲ್ಲಿ 268 ಮಂದಿಯನ್ನು ನುಂಗಿತ್ತು. ಅದಕ್ಕೂ ಹಿಂದೆ, 1958ರಲ್ಲಿ, ಅಸನ್ಸೋಲ್ ಬಳಿಯ ಚಿನಾಕುರಿಯಲ್ಲಿ 170ಕ್ಕೂ ಹೆಚ್ಚು ಜನ ಸತ್ತಿದ್ದರು. ನಮ್ಮ ಕೋಲಾರದ ಚಿನ್ನದ ಗಣಿಯವರು ಹೆದರುತ್ತಿದ್ದುದು ಬಂಡೆ ಸಿಡಿಯುವುದಕ್ಕೆ. ಕಲ್ಲಿದ್ದಲ ಗಣಿಯವರ ಭಯ ಬೇರೆ: ಕಣ್ಣಿಗೆ ಕಾಣದ, ಮೂಗಿಗೆ ಬಡಿಯದ ಮೀಥೇನ್. ಗಾಳಿಯಲ್ಲಿ ಅದರ ಪಾಲು ಶೇ 5ರಿಂದ 15ರ ನಡುವೆ ಇದ್ದಾಗ ಒಂದು ಕಿಡಿ ಸಾಕು. ಎದ್ದ ಜ್ವಾಲೆ ಕಲ್ಲಿದ್ದಲ ದೂಳಿಗೂ ತಗುಲಿದರೆ ಸುರಂಗದುದ್ದಕ್ಕೂ ಓಡುತ್ತದೆ. 1815ರಲ್ಲಿ ಹಂಫ್ರಿ ಡೇವಿ ರೂಪಿಸಿದ ಸುರಕ್ಷಾ ದೀಪ, ಆಮೇಲೆ ಬಂದ ದೊಡ್ಡ ಗಾಳಿಯಂತ್ರಗಳು, ಇಂದಿನ ಎಲೆಕ್ಟ್ರಾನಿಕ್ ಸೂಚಕಗಳು, ಎಲ್ಲವೂ ಈ ಅನಿಲಕ್ಕೆ ಬೆಂಕಿ ತಗುಲದಂತೆ ತಡೆಯುವುದಕ್ಕೆ, ಅದನ್ನು ಗಣಿಯಿಂದ ಹೊರಹಾಕುವುದಕ್ಕೆ, ಇಲ್ಲವೇ ಅದು ಹೆಚ್ಚುತ್ತಿದೆಯೆಂದು ಮೊದಲೇ ತಿಳಿಯುವುದಕ್ಕೆ ಹುಟ್ಟಿದವು.

ಹೀಗೆ ಹೊರಹಾಕಿದ ಅನಿಲ ಹೋಗುವುದು ಆಕಾಶಕ್ಕೆ. ಬೆಂಗಳೂರಿನ ಬಡಾವಣೆಗಳ ಒಲೆಗಳಿಗೆ ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲವೂ ಬಹುಪಾಲು ಮೀಥೇನೇ. ದೇಶ ಬಳಸುವ ನೈಸರ್ಗಿಕ ಅನಿಲದಲ್ಲಿ ಅರ್ಧದಷ್ಟನ್ನು ದ್ರವರೂಪದಲ್ಲಿ ಹಡಗಿನಲ್ಲಿ ತರಿಸಿ, ಡಾಲರ್ ತೆತ್ತು ಕೊಳ್ಳುತ್ತೇವೆ. ಒಂದೆಡೆ ದುಡ್ಡು ಕೊಟ್ಟು ತರಿಸುವುದನ್ನೇ ಇನ್ನೊಂದೆಡೆ ಗಾಳಿಯಂತ್ರ ಹಚ್ಚಿ ಹೊರಗೆ ನೂಕುತ್ತೇವೆ. ಇಂಧನದ ಲೆಕ್ಕದಲ್ಲೂ ಹವಾಮಾನದ ಲೆಕ್ಕದಲ್ಲೂ ಇಷ್ಟು ದೊಡ್ಡ ಪೋಲು ನಮ್ಮಲ್ಲಿ ಹೆಚ್ಚಿಲ್ಲ ಎಂದೇ ನನ್ನ ಭಾವನೆ.

ಕಲ್ಲಿದ್ದಲ ಪದರದಲ್ಲಿರುವ ಈ ಅನಿಲಕ್ಕೆ ಇಂಧನ ವಲಯದವರು ಕೋಲ್ ಬೆಡ್ ಮೀಥೇನ್, ಚಿಕ್ಕದಾಗಿ ಸಿಬಿಎಂ ಎನ್ನುತ್ತಾರೆ. ಅದು ಅಲ್ಲಿಗೆ ಬಂದುದು ಹೇಗೆ? ದಾಮೋದರ ಕಣಿವೆಯ ಕಲ್ಲಿದ್ದಲು ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದೆ, ಗೋಂಡ್ವಾನ ಭೂಖಂಡದ ಜೌಗು ಕಾಡುಗಳು ಹೂತು ಆದದ್ದು. ಮೇಲಿನ ಮಣ್ಣು ಬಂಡೆಗಳ ಭಾರಕ್ಕೆ, ಒಳಗಿನ ಕಾವಿಗೆ ಸಸ್ಯರಾಶಿ ಕಲ್ಲಿದ್ದಲಾಗುವಾಗ ಅಪಾರ ಮೀಥೇನ್ ಹುಟ್ಟಿತು. ಬಹಳಷ್ಟು ಸೋರಿಹೋಯಿತು, ಉಳಿದದ್ದು ಕಲ್ಲಿದ್ದಲಿಗೇ ಅಂಟಿಕೊಂಡಿತು. ಅಂಟಿಕೊಂಡಿತು ಎಂದದ್ದು ಸುಮ್ಮನೆ ಮಾತಿಗಲ್ಲ. ಸಾಮಾನ್ಯ ಅನಿಲ ನಿಕ್ಷೇಪಗಳಲ್ಲಿ ಅನಿಲವು ಮರಳುಗಲ್ಲಿನ ಸಂದುಗಳಲ್ಲಿ ಬಿಡಿಯಾಗಿ ತುಂಬಿರುತ್ತದೆ. ಕಲ್ಲಿದ್ದಲಿನಲ್ಲಿ ಹಾಗಲ್ಲ; ಅದರ ಮೈಯೊಳಗಿನ ಅತಿಸೂಕ್ಷ್ಮ ರಂಧ್ರಗಳ ಗೋಡೆಗಳಿಗೆ ಮೀಥೇನ್ ಅಣುಗಳು ಪದರವಾಗಿ ಹತ್ತಿಕೊಂಡಿರುತ್ತವೆ. ಈ ಗೋಡೆಗಳ ವಿಸ್ತಾರ ಬೆರಗು ಹುಟ್ಟಿಸುವಂಥದ್ದು. ಒಂದೇ ಗ್ರಾಂ ಕಲ್ಲಿದ್ದಲಿನ ಒಳಮೈಯನ್ನು ಬಿಡಿಸಿ ಹಾಸಿದರೆ ನೂರು ಚದರ ಮೀಟರ್ ಮೀರುವುದುಂಟು. ಅದರಿಂದಲೇ ಅಷ್ಟೇ ಗಾತ್ರದ ಮರಳುಗಲ್ಲಿಗಿಂತ ಆರೇಳು ಪಟ್ಟು ಹೆಚ್ಚು ಅನಿಲವನ್ನು ಒಳ್ಳೆಯ ಕಲ್ಲಿದ್ದಲು ಹಿಡಿದಿಡಬಲ್ಲದು.

ಅದನ್ನು ಅಲ್ಲಿ ಅದುಮಿ ಹಿಡಿದಿರುವುದು ನೀರು. ಕಲ್ಲಿದ್ದಲ ಪದರದ ಸಹಜ ಸೀಳುಗಳಲ್ಲಿ ನೀರು ತುಂಬಿ, ಅದರ ಒತ್ತಡ ಮೀಥೇನನ್ನು ಬಿಡದೆ ಒತ್ತಿಕೊಂಡಿರುತ್ತದೆ. ಆದ್ದರಿಂದ ಸಿಬಿಎಂ ಬಾವಿ ತೋಡಿದವರು ಮೊದಲು ಮಾಡುವ ಕೆಲಸ ನೀರೆತ್ತುವುದು. ಕೋಲಾರ, ಚಿಕ್ಕಬಳ್ಳಾಪುರದ ರೈತ ಸಾವಿರ ಅಡಿ ಕೊಳವೆಬಾವಿ ಕೊರೆಸಿ, ನೀರು ಬತ್ತಿ ಪಂಪು ಬರೀ ಗಾಳಿ ಎಳೆಯತೊಡಗಿದಾಗ ತಲೆಯ ಮೇಲೆ ಕೈಹೊತ್ತು ಕೂರುತ್ತಾನೆ. ಸಿಬಿಎಂ ಬಾವಿಯವರಿಗೆ ಕೆಲಸ ಶುರುವಾಗುವುದೇ ಅಲ್ಲಿಂದ. ತಿಂಗಳುಗಟ್ಟಲೆ, ಕೆಲವೆಡೆ ವರ್ಷಗಟ್ಟಲೆ ನೀರೆತ್ತಿದ ಮೇಲೆ ಒತ್ತಡ ಇಳಿಯುತ್ತದೆ, ಮೀಥೇನ್ ಗೋಡೆ ಬಿಟ್ಟು ಸೀಳುಗಳ ದಾರಿ ಹಿಡಿದು ಬಾವಿಗೆ ಬರುತ್ತದೆ. ಮೊದಮೊದಲು ನೀರು ಹೆಚ್ಚು, ಅನಿಲ ಕಡಿಮೆ. ಬರಬರುತ್ತ ಅದು ತಿರುಗುಮುರುಗು. ಸೀಳುಗಳು ಬಿಗಿಯಾಗಿರುವ ಕಡೆ ಹೆಚ್ಚಿನ ಒತ್ತಡದಲ್ಲಿ ನೀರು ಮತ್ತು ಮರಳನ್ನು ನುಗ್ಗಿಸಿ ಬಿರುಕು ಅಗಲಿಸಬೇಕಾಗುತ್ತದೆ. ಒಂದೊಂದು ಬಾವಿಯಿಂದ ಸಿಗುವ ಅನಿಲ ಅಷ್ಟಕ್ಕಷ್ಟೆ. ಹಾಗಾಗಿ ಒಂದು ಪ್ರದೇಶದಲ್ಲಿ ನೂರಾರು ಬಾವಿ ಬೇಕು, ಅವುಗಳ ನಡುವೆ ರಸ್ತೆ, ಕೊಳವೆ, ನೀರಿನ ಹೊಂಡ ಎಲ್ಲವೂ ಬೇಕು. ಸಮುದ್ರದಲ್ಲಿ ನಾಲ್ಕು ಬಾವಿ ಕೊರೆದು ದೇಶಕ್ಕೆ ಅನಿಲ ಹರಿಸುವ ಬಗೆಯ ಉದ್ಯಮ ಇದಲ್ಲ. ಊರು, ಹೊಲಗಳ ನಡುವೆಯೇ ನಡೆಯಬೇಕಾದ್ದು.

ಈಗ ‘ಸ್ವಚ್ಛ ಇಂಧನ’ ಎಂಬ ಹೊಗಳಿಕೆಗೆ ಬರೋಣ. ಅಷ್ಟೇ ಶಾಖಕ್ಕೆ ಕಲ್ಲಿದ್ದಲು ಬಿಡುವ ಇಂಗಾಲದ ಡೈ ಆಕ್ಸೈಡ್‌ನ ಸುಮಾರು ಶೇ 60ರಷ್ಟನ್ನು ಮೀಥೇನ್ ಬಿಡುತ್ತದೆ. ಅನಿಲದ ವಿದ್ಯುತ್ ಸ್ಥಾವರಗಳ ದಕ್ಷತೆಯೂ ಹೆಚ್ಚಾದ್ದರಿಂದ ಒಂದು ಯೂನಿಟ್ ವಿದ್ಯುತ್ತಿನ ಲೆಕ್ಕದಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ಹಾರುಬೂದಿ ಇಲ್ಲ. ಗಂಧಕದ ಹೊಗೆ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಕಲ್ಲಿದ್ದಲಿನಲ್ಲಿ ಶೇ 30ರಿಂದ 45ರವರೆಗೆ ಬೂದಿಯೇ ತುಂಬಿದೆ. ರಾಯಚೂರಿನ ಶಕ್ತಿನಗರದ ಸುತ್ತಲಿನ ಜನ ಆ ಬೂದಿಯನ್ನು ದಶಕಗಳಿಂದ ಉಸಿರಾಡಿದ್ದಾರೆ. ಅವರಿಗೆ ಈ ವ್ಯತ್ಯಾಸವನ್ನು ಯಾರೂ ವಿವರಿಸಬೇಕಿಲ್ಲ.

ಇಷ್ಟಕ್ಕೇ ಮಾತು ಮುಗಿಸುವ ಜಾಹೀರಾತುಗಳು ಅರ್ಧ ಸತ್ಯ ಹೇಳುತ್ತವೆ. ಉರಿಸಿದ ಮೀಥೇನ್ ಕಲ್ಲಿದ್ದಲಿಗಿಂತ ಒಳ್ಳೆಯದು ನಿಜ, ಉರಿಯದೆ ಸೋರಿದ ಮೀಥೇನ್ ಮಾತ್ರ ಬಹಳ ಕೆಟ್ಟದ್ದು. ಹವಾಮಾನ ಬದಲಾವಣೆಯ ಅಂತರ್ ಸರ್ಕಾರಿ ಸಮಿತಿಯ ಆರನೇ ವರದಿಯ ಪ್ರಕಾರ ಭೂಗರ್ಭದಿಂದ ಬಂದ ಒಂದು ಕಿಲೋ ಮೀಥೇನ್ 100 ವರ್ಷಗಳ ಲೆಕ್ಕದಲ್ಲಿ ಸುಮಾರು 30 ಕಿಲೋ ಇಂಗಾಲದ ಡೈ ಆಕ್ಸೈಡಿಗೆ ಸಮ. 20 ವರ್ಷಗಳ ಲೆಕ್ಕದಲ್ಲಿ 82 ಕಿಲೋಗೂ ಹೆಚ್ಚು. ವಾತಾವರಣದಲ್ಲಿ ಅದು ಉಳಿಯುವುದು ಹನ್ನೆರಡು ವರ್ಷದ ಆಸುಪಾಸು, ಆದರೆ ಅಷ್ಟರಲ್ಲೇ ಭೂಮಿಯನ್ನು ಚೆನ್ನಾಗಿ ಕಾಯಿಸಿ ಹೋಗುತ್ತದೆ. 2012ರಲ್ಲಿ ಅಮೆರಿಕದ ವಿಜ್ಞಾನಿಗಳ ತಂಡವೊಂದು ಲೆಕ್ಕ ಹಾಕಿದಂತೆ, ಬಾವಿಯಿಂದ ವಿದ್ಯುತ್ ಸ್ಥಾವರದವರೆಗಿನ ದಾರಿಯಲ್ಲಿ ಶೇ 3ಕ್ಕಿಂತ ಸ್ವಲ್ಪ ಹೆಚ್ಚು ಸೋರಿದರೂ ಕಲ್ಲಿದ್ದಲಿನಿಂದ ಅನಿಲಕ್ಕೆ ಹೊರಳಿದ್ದರ ತಕ್ಷಣದ ಲಾಭ ಇಲ್ಲವಾಗುತ್ತದೆ. ನೂರಕ್ಕೆ ಮೂರು! ನೂರಾರು ಬಾವಿ, ಸಾವಿರಾರು ಕೀಲು, ತಿರುಪು, ಕವಾಟಗಳಿರುವ ಸಿಬಿಎಂ ಕ್ಷೇತ್ರದಲ್ಲಿ ಇದು ಸಣ್ಣ ಎಚ್ಚರಿಕೆಯಲ್ಲ.

ಹಾಗಾದರೆ ಸಿಬಿಎಂ ಸ್ವಚ್ಛವೋ ಅಲ್ಲವೋ? ಯಾವ ಪದರದಿಂದ ತೆಗೆದದ್ದು ಎಂದು ಮೊದಲು ಕೇಳಬೇಕು. ಒಂದು ಲೆಕ್ಕ ಮಾಡಿ ನೋಡೋಣ. ನಮ್ಮ ಗಣಿ ನಿಯಮಗಳು ನೆಲದಡಿಯ ಗಣಿಗಳನ್ನು ಅನಿಲದ ಪ್ರಮಾಣಕ್ಕೆ ತಕ್ಕಂತೆ ಮೂರು ದರ್ಜೆ ಮಾಡಿವೆ. ಟನ್ ಕಲ್ಲಿದ್ದಲಿಗೆ 10 ಘನ ಮೀಟರಿಗಿಂತ ಹೆಚ್ಚು ಅನಿಲ ಬಿಡುವಂಥವು ಮೂರನೇ ದರ್ಜೆಯವು. ಬರೀ 10 ಘನ ಮೀಟರ್ ಎಂದೇ ಇಟ್ಟುಕೊಳ್ಳಿ, ಅದರ ತೂಕ 7 ಕಿಲೋಗಿಂತ ತುಸು ಕಡಿಮೆ. ಅದನ್ನು ಹಾಗೆಯೇ ಗಾಳಿಗೆ ಬಿಟ್ಟರೆ 100 ವರ್ಷದ ಲೆಕ್ಕದಲ್ಲಿ 200 ಕಿಲೋ ಇಂಗಾಲದ ಡೈ ಆಕ್ಸೈಡ್ ಬಿಟ್ಟಷ್ಟು ಹಾನಿ. ಹಿಡಿದು ಉರಿಸಿದರೆ ಹೊರಬರುವ ಇಂಗಾಲದ ಡೈ ಆಕ್ಸೈಡ್ ಸುಮಾರು 18 ಕಿಲೋ. ಹತ್ತು ಪಟ್ಟಿಗೂ ಮೀರಿ ವ್ಯತ್ಯಾಸ; 20 ವರ್ಷದ ಲೆಕ್ಕ ಹಿಡಿದರೆ ಮೂವತ್ತು ಪಟ್ಟು. ಮೇಲಾಗಿ ಶಾಖವೂ ಸಿಕ್ಕಿತು, ಗಣಿಯೂ ಸುರಕ್ಷಿತವಾಯಿತು. ಮುಂದೆ ಅಗೆಯಲಿರುವ ಪದರದಿಂದ ಮೊದಲೇ ತೆಗೆದ ಮೀಥೇನ್ ಹೇಗೂ ಆಕಾಶ ಸೇರಲಿದ್ದುದು. ಅದನ್ನು ಹಿಡಿದು ಬಳಸುವುದಕ್ಕೆ ನನಗೆ ಯಾವ ತಕರಾರೂ ಕಾಣದು.

ಯಾರೂ ಎಂದೂ ಅಗೆಯಲಾರದ ಆಳದ ಪದರಗಳ ಲೆಕ್ಕ ಬೇರೆ. ಅಲ್ಲಿನ ಮೀಥೇನ್ ಕೋಟ್ಯಂತರ ವರ್ಷಗಳಿಂದ ಇದ್ದ ಹಾಗೆ ಇನ್ನೂ ಇರುತ್ತಿತ್ತು. ಅದನ್ನು ಮೇಲೆತ್ತಿದರೆ ಹೊಸದೊಂದು ಪಳೆಯುಳಿಕೆ ಇಂಧನವನ್ನು ಮೇಲೆತ್ತಿದಂತೆ. ಅದು ಎಲ್ಲೋ ಒಂದು ಕಡೆ ಕಲ್ಲಿದ್ದಲನ್ನೋ ಡೀಸೆಲನ್ನೋ ನಿಜವಾಗಿ ಬದಲಿಸಿದರೆ, ದಾರಿಯಲ್ಲಿ ಸೋರದಿದ್ದರೆ ಮಾತ್ರ ಲಾಭ. ಕಲ್ಲಿದ್ದಲೂ ಉರಿಯುತ್ತಲೇ ಇದ್ದು ಅದರ ಜೊತೆಗೆ ಇದೂ ಉರಿದರೆ ‘ಸ್ವಚ್ಛ’ ಎಂಬ ವಿಶೇಷಣಕ್ಕೆ ಅರ್ಥವಿಲ್ಲ. ನಮ್ಮ ನೀತಿಯ ಕಾಗದಪತ್ರಗಳಲ್ಲಿ ಈ ಎರಡನ್ನೂ ಒಂದೇ ಹೆಸರಿನಡಿ ಸೇರಿಸಿ ಹೊಗಳುವುದು ಸರಿಯಲ್ಲ.

ಭಾರತದ ಕಥೆ ಶುರುವಾದದ್ದು 1997ರಲ್ಲಿ, ಕೇಂದ್ರ ಸರ್ಕಾರದ ಸಿಬಿಎಂ ನೀತಿಯೊಂದಿಗೆ. ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯದ ಅಂದಾಜಿನಲ್ಲಿ 12 ರಾಜ್ಯಗಳ ಕಲ್ಲಿದ್ದಲ ಪದರಗಳಲ್ಲಿ ಸುಮಾರು 2.6 ಲಕ್ಷ ಕೋಟಿ ಘನ ಮೀಟರ್ ಅನಿಲವಿದೆ. ಅಂಕಿ ದೊಡ್ಡದು. ಆದರೆ ಇದು ನೆಲದಡಿಯಲ್ಲಿ ಇರಬಹುದಾದದ್ದರ ಅಂದಾಜು. ಅದರಲ್ಲಿ ಎಷ್ಟು ಕೈಗೆ ಬಂದೀತು ಎಂಬುದು ಬೇರೆಯೇ ಮಾತು. ಹರಾಜು, ನಾಮನಿರ್ದೇಶನ ಎಲ್ಲ ಸೇರಿ 33 ಬ್ಲಾಕ್‌ಗಳನ್ನು ಹಂಚಿದರು. ಅನೇಕ ಬ್ಲಾಕ್‌ಗಳನ್ನು ಪಡೆದವರೇ ಮರಳಿಸಿದರು. 2007ರಲ್ಲಿ ಪಶ್ಚಿಮ ಬಂಗಾಳದ ರಾಣಿಗಂಜ್‌ನಲ್ಲಿ ಗ್ರೇಟ್ ಈಸ್ಟರ್ನ್ ಎನರ್ಜಿ ಕಂಪನಿ ದೇಶದ ಮೊದಲ ವಾಣಿಜ್ಯ ಉತ್ಪಾದನೆ ಆರಂಭಿಸಿತು. 1774ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾಲದ ಇಂಗ್ಲಿಷರು ಭಾರತದ ಕಲ್ಲಿದ್ದಲ ಗಣಿಗಾರಿಕೆಗೆ ಕೈಹಾಕಿದ್ದೂ ಇದೇ ರಾಣಿಗಂಜ್‌ನಲ್ಲಿ. ಈಗ ಅಸನ್ಸೋಲ್, ದುರ್ಗಾಪುರದ ಬಂಕುಗಳಲ್ಲಿ ಕಲ್ಲಿದ್ದಲ ಪದರದ ಅನಿಲವೇ ಸಿಎನ್‌ಜಿಯಾಗಿ ವಾಹನಗಳಿಗೆ ತುಂಬುತ್ತದೆ. ದುರ್ಗಾಪುರದ ಸುತ್ತ ಎಸ್ಸಾರ್, ಮಧ್ಯಪ್ರದೇಶದ ಶಹಡೋಲ್‌ನ ಸೊಹಾಗ್‌ಪುರ ಬ್ಲಾಕ್‌ಗಳಲ್ಲಿ ರಿಲಯನ್ಸ್ ಬಾವಿ ತೋಡಿವೆ. ಶಹಡೋಲ್‌ನಿಂದ ಉತ್ತರಪ್ರದೇಶದ ಫೂಲ್‌ಪುರಕ್ಕೆ 302 ಕಿಲೋಮೀಟರ್ ಕೊಳವೆ ಹಾಕಿ, 2017ರಲ್ಲಿ ಅನಿಲ ತೆಗೆಯಲು ತೊಡಗಿದ್ದು ರಿಲಯನ್ಸ್.

ಇಷ್ಟೆಲ್ಲ ಆಗಿಯೂ ವರ್ಷದ ಉತ್ಪಾದನೆ 65ರಿಂದ 70 ಕೋಟಿ ಘನ ಮೀಟರ್ ಸುತ್ತ ನಿಂತಿದೆ. ದೇಶ ವರ್ಷಕ್ಕೆ ಉರಿಸುವ ಅನಿಲದಲ್ಲಿ ಇದು ಶೇ 1ರ ಹತ್ತಿರ.

ಯಾಕೆ ಹೀಗಾಯಿತು? ಭೂವಿಜ್ಞಾನದ ಕಾರಣಗಳಿವೆ. ನಮ್ಮ ಬಹಳಷ್ಟು ಪದರಗಳಲ್ಲಿ ಅನಿಲ ಸರಾಗವಾಗಿ ಹರಿಯದು, ಬೂದಿಯ ಅಂಶ ಹೆಚ್ಚಾದಷ್ಟೂ ಮೀಥೇನ್ ಅಂಟುವ ಜಾಗ ಕಡಿಮೆ. ಅದಕ್ಕಿಂತ ನನ್ನನ್ನು ಕಾಡುವುದು ಮನುಷ್ಯರು ಮಾಡಿಟ್ಟ ಅಡ್ಡಿ. ಒಂದೇ ನೆಲದಡಿಯ ಒಂದೇ ಪದರದಲ್ಲಿ ಕಲ್ಲಿದ್ದಲು ಕಲ್ಲಿದ್ದಲು ಸಚಿವಾಲಯಕ್ಕೆ ಸೇರಿದ್ದು, ಅದಕ್ಕಂಟಿದ ಅನಿಲ ಪೆಟ್ರೋಲಿಯಂ ಸಚಿವಾಲಯಕ್ಕೆ. ಧನ್‌ಬಾದ್ ಬಳಿಯ ಝರಿಯಾ ಕಲ್ಲಿದ್ದಲ ಸೀಮೆಯಲ್ಲಿ ಒಎನ್‌ಜಿಸಿಗೆ ಅನಿಲದ ಹಕ್ಕು ಸಿಕ್ಕ ಪ್ರದೇಶದ ಮೇಲೇ ಭಾರತ್ ಕೋಕಿಂಗ್ ಕೋಲ್ ಸಂಸ್ಥೆಯ ಗಣಿಗಾರಿಕೆಯ ಹಕ್ಕೂ ಇತ್ತು. ಅನಿಲದವರಿಗೆ ಹತ್ತಿಪ್ಪತ್ತು ವರ್ಷ ನೆಲ ಅಲುಗದೆ ಬಿಡಬೇಕು. ಕಲ್ಲಿದ್ದಲಿನವರಿಗೆ ಈ ವರ್ಷದ ಗುರಿ ಈ ವರ್ಷವೇ ಮುಟ್ಟಬೇಕು. ಯಾರು ಮೊದಲು ಎಂಬ ಜಗ್ಗಾಟದಲ್ಲಿ ವರ್ಷಗಳು ಕಳೆದವು. ಕಲ್ಲಿದ್ದಲು ತೆಗೆಯುವ ಕೋಲ್ ಇಂಡಿಯಾಗೆ ತನ್ನದೇ ಗುತ್ತಿಗೆ ಪ್ರದೇಶದ ಅನಿಲ ತೆಗೆಯಲು ಬೇರೆ ಪರವಾನಗಿ ಬೇಡವೆಂದು ಸರ್ಕಾರ ಸ್ಪಷ್ಟಪಡಿಸಿದ್ದು 2018ರಲ್ಲಿ. ನೀತಿ ಬಂದು 21 ವರ್ಷಗಳ ಮೇಲೆ!

ಹಾಗೆಂದು ಗಣಿಯ ಅನಿಲ ಹಿಡಿದು ಬಳಸುವುದು ನಮ್ಮಿಂದಾಗದ ಕೆಲಸವೇನಲ್ಲ. ಧನ್‌ಬಾದ್ ಬಳಿಯ ಮುನಿಡಿಹ್ ಗಣಿಯಲ್ಲಿ ಜಾಗತಿಕ ಪರಿಸರ ನಿಧಿ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ, ಭಾರತ್ ಕೋಕಿಂಗ್ ಕೋಲ್ ಮತ್ತು ರಾಂಚಿಯ ಗಣಿ ಯೋಜನಾ ಸಂಸ್ಥೆ ಸಿಎಂಪಿಡಿಐ ಇದನ್ನು ಮಾಡಿ ತೋರಿಸಿವೆ. ಪದರಗಳ ಅನಿಲ ತೆಗೆದು ಅದರಿಂದ ವಿದ್ಯುತ್ ತಯಾರಿಸಲಾಯಿತು. ತೋರಿಸಿದ್ದು ಹರಡಲಿಲ್ಲ ಅಷ್ಟೆ. ಝರಿಯಾದ ನೆಲ ಒಂದು ಶತಮಾನದಿಂದ ಒಳಗೊಳಗೇ ಉರಿಯುತ್ತಿದೆ. ಅಲ್ಲಿನ ಮನೆಗಳು ಬಿರುಕು ಬಿಡುತ್ತಿವೆ, ನೆಲ ಕುಸಿಯುತ್ತಿದೆ. ಅಂಥ ಊರಿನ ಜನರಿಗೆ ಅವರ ಕಾಲಡಿಯ ಅನಿಲದಿಂದ ಒಲೆಯೋ ದೀಪವೋ ದೊರೆತಿದ್ದರೆ ಅದೊಂದು ಸಣ್ಣ ನ್ಯಾಯವಾದರೂ ಆಗುತ್ತಿತ್ತು.

ಅನಿಲವನ್ನು ನೆಚ್ಚಿ ಕೆಟ್ಟವರೂ ಇದ್ದಾರೆ. ದುರ್ಗಾಪುರ ಸಮೀಪದ ಪಾನಾಗಢದಲ್ಲಿ ಮ್ಯಾಟಿಕ್ಸ್ ಕಂಪನಿ ವರ್ಷಕ್ಕೆ ಸುಮಾರು 12.7 ಲಕ್ಷ ಟನ್ ಯೂರಿಯಾ ಮಾಡಬಲ್ಲ ಕಾರ್ಖಾನೆ ಕಟ್ಟಿತು. ಕಲ್ಲಿದ್ದಲ ಪದರದ ಅನಿಲದಿಂದ ಯೂರಿಯಾ ಮಾಡುವ ದೇಶದ ಮೊದಲ ಕಾರ್ಖಾನೆ ಅದು. ಯೂರಿಯಾಕ್ಕೆ ಬೇಕಾದ ಅಮೋನಿಯಾ ತಯಾರಿಸಲು ಮೀಥೇನ್ ಕಚ್ಚಾವಸ್ತು. ನಮ್ಮ ಪಣಂಬೂರಿನ ಎಂಸಿಎಫ್ ರಸಗೊಬ್ಬರ ಕಾರ್ಖಾನೆ ಕೂಡ ಕೊಚ್ಚಿ–ಮಂಗಳೂರು ಅನಿಲ ಮಾರ್ಗ ಬಂದ ಮೇಲೆ ನ್ಯಾಫ್ತಾ ಬಿಟ್ಟು ನೈಸರ್ಗಿಕ ಅನಿಲಕ್ಕೆ ಹೊರಳಿತು. ಪಾನಾಗಢದಲ್ಲಿ 2017ರಲ್ಲಿ ಉತ್ಪಾದನೆ ಶುರುವಾಯಿತು, ಆದರೆ ಪಕ್ಕದ ಬಾವಿಗಳಿಂದ ಬರಬೇಕಾದಷ್ಟು ಅನಿಲ ಬರಲಿಲ್ಲ. ಸಾವಿರಾರು ಕೋಟಿಯ ಕಾರ್ಖಾನೆ ನಿಂತಿತು. ಮತ್ತೆ ಓಡಿದ್ದು 2021ರಲ್ಲಿ, ಗೇಲ್ ಸಂಸ್ಥೆಯ ಜಗದೀಶಪುರ–ಹಲ್ದಿಯಾ ಕೊಳವೆಮಾರ್ಗ ದುರ್ಗಾಪುರ ಮುಟ್ಟಿ ಹೊರಗಿನ ಅನಿಲ ಸಿಕ್ಕ ಮೇಲೆ. ಕಲ್ಲಿದ್ದಲ ಪದರ ಎಷ್ಟು ಅನಿಲ ಬಿಟ್ಟೀತು ಎಂಬುದು ಬಾವಿ ತೋಡಿ, ನೀರೆತ್ತಿ, ಕಾದು ನೋಡಿದ ಮೇಲಷ್ಟೇ ತಿಳಿಯುತ್ತದೆ. ಅಂದಾಜಿನ ಅಂಕಿಗಳ ಮೇಲೆ ಕಾರ್ಖಾನೆ ಕಟ್ಟುವವರೂ, ‘ದೇಶದ ಇಂಧನ ಸ್ವಾವಲಂಬನೆ’ ಎಂದು ಭಾಷಣ ಮಾಡುವವರೂ ಪಾನಾಗಢವನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಇನ್ನು ನೀರಿನ ವಿಚಾರ. ಅಮೆರಿಕದ ವಯೋಮಿಂಗ್, ಮೊಂಟಾನಾ ರಾಜ್ಯಗಳ ಪೌಡರ್ ನದಿ ಪ್ರದೇಶದಲ್ಲಿ 2000ದ ದಶಕದಲ್ಲಿ ಸಾವಿರಾರು ಸಿಬಿಎಂ ಬಾವಿಗಳೆದ್ದವು. ಅಲ್ಲಿ ಕಲ್ಲಿದ್ದಲ ಪದರವೇ ಜನರ ಅಂತರ್ಜಲ. ದನ ಸಾಕುವವರ ಬಾವಿಗಳು ಇಳಿದವು. ಮೇಲೆತ್ತಿ ಹೊಳೆಹಳ್ಳಕ್ಕೆ ಬಿಟ್ಟ ನೀರಿನ ಸೋಡಿಯಂ ಅಂಶ ಜೇಡಿಮಣ್ಣಿನ ಹೊಲಗಳಿಗೆ ಮಾರಕವಾಯಿತು. ನೆಲದ ಮೇಲಿನ ಹಕ್ಕು ರೈತನದು, ಕೆಳಗಿನ ಖನಿಜದ ಹಕ್ಕು ಬೇರೆಯವರದು ಎಂಬ ಕಾನೂನಿನಿಂದ ತಮ್ಮ ಹುಲ್ಲುಗಾವಲಲ್ಲೇ ಬಾವಿ ತೋಡುವುದನ್ನು ತಡೆಯಲಾಗದವರೂ ಇದ್ದರು. ಆಮೇಲೆ ಶೇಲ್ ಅನಿಲ ಅಗ್ಗವಾಗಿ ಹರಿದುಬಂದು ಉದ್ಯಮವೇ ಸೊರಗಿತು. ಕಂಪನಿಗಳು ದಿವಾಳಿಯಾಗಿ ಎಷ್ಟೋ ಬಾವಿಗಳು ವಾರಸುದಾರರಿಲ್ಲದೆ ಉಳಿದವು. ಅವನ್ನು ಮುಚ್ಚುವ ಖರ್ಚು ಸರ್ಕಾರದ ತಲೆಗೆ ಬಂತು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಇನ್ನೂ ದೊಡ್ಡ ಉದಾಹರಣೆ. ಅಲ್ಲಿನ ಕಲ್ಲಿದ್ದಲ ಪದರಗಳ ಅನಿಲವನ್ನು ದ್ರವೀಕರಿಸಿ ಗ್ಲ್ಯಾಡ್‌ಸ್ಟನ್ ಬಂದರಿನ ಬಳಿಯ ಕರ್ಟಿಸ್ ದ್ವೀಪದ ಮೂರು ಸ್ಥಾವರಗಳಿಂದ ಹಡಗಿನಲ್ಲಿ ಏಷ್ಯಾಕ್ಕೆ ಕಳಿಸುತ್ತಾರೆ. ರೈತರೂ ಪರಿಸರದವರೂ ಒಂದಾಗಿ 2010ರಲ್ಲಿ ‘ಲಾಕ್ ದ ಗೇಟ್’ ಎಂಬ ಒಕ್ಕೂಟ ಕಟ್ಟಿ, ಕಂಪನಿಯವರು ಬಂದರೆ ಹೊಲದ ಗೇಟು ತೆರೆಯುವುದಿಲ್ಲ ಎಂದರು. ಚಿಂಚಿಲ್ಲಾ ಊರಿನ ಬಳಿ ಕಾಂಡಮೈನ್ ನದಿಯಲ್ಲಿ ಮೀಥೇನ್ ಗುಳ್ಳೆಗಳೆದ್ದವು. ಬಾವಿಗಳಿಂದಲೋ ಸಹಜ ಸೋರಿಕೆಯೋ ಎಂಬ ವಾದ ನಡೆಯಿತು. ಈ ಜಗಳಗಳಿಂದ ಅಲ್ಲಿ ಒಂದು ಒಳ್ಳೆಯ ಕಾನೂನು ಗಟ್ಟಿಯಾಯಿತು. ಅನಿಲ ತೆಗೆಯುವುದರಿಂದ ರೈತನ ಕೊಳವೆಬಾವಿಯ ನೀರು ಇಳಿದರೆ ಕಂಪನಿಯೇ ಅದನ್ನು ತುಂಬಿಕೊಡಬೇಕು: ಬಾವಿ ಆಳ ಮಾಡಿಸಬೇಕು, ಹೊಸದು ಕೊರೆಸಬೇಕು, ಇಲ್ಲವೇ ಬೇರೆ ನೀರೋ ಪರಿಹಾರವೋ ಕೊಡಬೇಕು. ಇಡೀ ಪ್ರದೇಶದ ಅಂತರ್ಜಲದ ಮೇಲೆ ಎಲ್ಲ ಬಾವಿಗಳೂ ಸೇರಿ ಬೀರುವ ಪರಿಣಾಮ ಅಳೆಯಲು ಪ್ರತ್ಯೇಕ ಸರ್ಕಾರಿ ಕಚೇರಿಯೂ ಇದೆ. ಶಹಡೋಲ್‌ನಂಥ ಆದಿವಾಸಿ ಜಿಲ್ಲೆಗಳಲ್ಲಿ ಬಾವಿ ತೋಡುವ ನಮಗೆ ಇಂಥ ಹೊಣೆಗಾರಿಕೆ ಕಾನೂನಿನಲ್ಲೇ ಇನ್ನೂ ಹೆಚ್ಚು ಬೇಕು. ಅಲ್ಲಿನ ರೈತ ವಕೀಲರನ್ನಿಟ್ಟು ಕಂಪನಿಯೊಡನೆ ಗುದ್ದಾಡುವ ಸ್ಥಿತಿಯಲ್ಲಿಲ್ಲ.

ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ. ಹಾಗೆಂದು ನಾವು ಇದರಿಂದ ಹೊರಗಿಲ್ಲ. ಶಕ್ತಿನಗರದ 1,720 ಮೆಗಾವಾಟ್ ಸ್ಥಾವರಕ್ಕೆ ಸಿಂಗರೇಣಿಯಿಂದ, ಒಡಿಶಾದ ಮಹಾನದಿ ಗಣಿಗಳಿಂದ ರೈಲಿನಲ್ಲಿ ಕಲ್ಲಿದ್ದಲು ಬರುತ್ತದೆ. ಚಿಮಣಿಯ ಹೊಗೆ ಮಾತ್ರ ನಮ್ಮ ಲೆಕ್ಕಕ್ಕೆ ಸೇರುತ್ತದೆ. ಆ ಕಲ್ಲಿದ್ದಲು ಅಗೆಯುವಾಗ ಅಲ್ಲಿ ಹಾರಿಹೋದ ಮೀಥೇನ್ ನಮ್ಮ ವಿದ್ಯುತ್ತಿನ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಕಾಣಬೇಕು ಎಂಬುದು ನನ್ನ ವಾದ.

ದೇಶದ ಕಲ್ಲಿದ್ದಲು ಉತ್ಪಾದನೆ 2024-25ರಲ್ಲಿ 100 ಕೋಟಿ ಟನ್ ದಾಟಿತು. ಇದರಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ತೆರೆದ ಗಣಿಗಳದ್ದು. ಮೇಲುಮೇಲಿನ ಪದರಗಳಲ್ಲಿ ಅನಿಲ ಕಡಿಮೆ ನಿಜ, ಆದರೆ ತೆರೆದ ಗಣಿಯಲ್ಲಿ ಅದನ್ನು ಅಗೆಯುವ ಹೊತ್ತಿಗೆ ಹಿಡಿಯುವ ದಾರಿಯೇ ಇಲ್ಲ. ಮಣ್ಣು ಸರಿಸಿದಂತೆ ಹೊರಟುಹೋಗುತ್ತದೆ. ತೆರೆದ ಗಣಿಗಳು ಆಳಕ್ಕಿಳಿದಂತೆ, ಝರಿಯಾದ ಕೋಕಿಂಗ್ ಕಲ್ಲಿದ್ದಲಿಗಾಗಿ ನೆಲದಡಿಯ ಗಣಿಗಳು ಇನ್ನೂ ಕೆಳಗಿಳಿದಂತೆ, ಅನಿಲ ಹೆಚ್ಚುತ್ತದೆ. ಅದನ್ನು ಮೊದಲೇ ಬರಿದು ಮಾಡಲು ಹತ್ತಾರು ವರ್ಷ ಬೇಕು. ಅಂದರೆ 2040ರಲ್ಲಿ ಅಗೆಯಲಿರುವ ಪದರಕ್ಕೆ ಈಗಲೇ ಬಾವಿ ಬೀಳಬೇಕು. ಗಣಿ ಬ್ಲಾಕ್ ಹರಾಜಿನ ಕರಾರಿನಲ್ಲೇ ಈ ಷರತ್ತು ಇರಬೇಕು: ಅನಿಲ ಹೆಚ್ಚಿರುವ ಕಡೆ ಮೊದಲು ಅದನ್ನು ತೆಗೆ, ಆಮೇಲೆ ಅಗೆ.

2021ರಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ನೂರಕ್ಕೂ ಹೆಚ್ಚು ದೇಶಗಳು 2030ರೊಳಗೆ ಮೀಥೇನನ್ನು ಶೇ 30ರಷ್ಟು ಇಳಿಸುವ ವಾಗ್ದಾನಕ್ಕೆ ಸಹಿ ಹಾಕಿದವು. ಭಾರತ ಹಾಕಲಿಲ್ಲ. ನಮ್ಮ ಮೀಥೇನ್ ಬಹುಪಾಲು ದನಕರು ಮತ್ತು ಭತ್ತದ ಗದ್ದೆಗಳದ್ದು, ಸಣ್ಣ ರೈತನ ಮೇಲೆ ಹೊರೆ ಹೊರಿಸಲಾರೆವು ಎಂಬ ವಾದದಲ್ಲಿ ಹುರುಳಿದೆ. ಕಲ್ಲಿದ್ದಲ ಗಣಿಗಳಿಗೆ ಆ ವಾದ ಹೊಂದುವುದಿಲ್ಲ. ಅವುಗಳ ಒಡೆಯರಲ್ಲಿ ಬಹುಪಾಲು ಸರ್ಕಾರವೇ. ಅಲ್ಲಿ ಯಾವ ಬಡ ರೈತನ ಎಮ್ಮೆಯೂ ಇಲ್ಲ.

2017ರಲ್ಲಿ ಯುರೋಪ್ ಹಾರಿಸಿದ ಸೆಂಟಿನೆಲ್-5ಪಿ ಉಪಗ್ರಹ ಭೂಮಿಯ ಮೇಲಿನ ಮೀಥೇನನ್ನು ದಿನವೂ ಅಳೆಯುತ್ತಿದೆ. ದೊಡ್ಡ ಸೋರಿಕೆಗಳು ಯಾವ ಗಣಿಯವು, ಯಾವ ಕೊಳವೆಯವು ಎಂದು ಜಗತ್ತು ಆಕಾಶದಿಂದಲೇ ಗುರುತಿಸತೊಡಗಿದೆ. ನಮ್ಮ ನೆಲದಡಿಯ ಗಣಿಗಳಲ್ಲಿ ಕಾರ್ಮಿಕರ ಸುರಕ್ಷತೆಗಾಗಿ ಅನಿಲದ ಪ್ರಮಾಣವನ್ನು ಹೇಗೂ ಅಳೆಯುತ್ತಾರೆ. ಗಾಳಿಯಂತ್ರಗಳ ಬಾಯಲ್ಲಿ ಹೊರಹೋಗುವ ಮೀಥೇನ್ ಎಷ್ಟು, ಸಿಬಿಎಂ ಬಾವಿಗಳಲ್ಲಿ ಸೋರುತ್ತಿರುವುದೆಷ್ಟು, ಎತ್ತಿದ ನೀರೆಷ್ಟು, ಅದು ಹೋದದ್ದೆಲ್ಲಿಗೆ ಎಂಬ ಲೆಕ್ಕವನ್ನು ಗಣಿವಾರು, ಬ್ಲಾಕ್‌ವಾರು ಪ್ರತಿ ತಿಂಗಳು ಸಾರ್ವಜನಿಕವಾಗಿ ಪ್ರಕಟಿಸಲು ಹೊಸ ತಂತ್ರಜ್ಞಾನವೂ ಬೇಡ, ವಿದೇಶಿ ನೆರವೂ ಬೇಡ. ಎರಡೂ ಸಚಿವಾಲಯಗಳು ಕೂಡಿ ಒಂದು ಆದೇಶ ಹೊರಡಿಸಿದರೆ ಸಾಕು.